ಒಂದೇ ಫೋನು, ನಲವತ್ತು ಮಕ್ಕಳು: ಪಿ.ಟಿ. ಪೀರಿಯಡಿನ ಪ್ರಶ್ನೆಗೆ ಉತ್ತರ

ಟೀಚರ್, ನೀವು ಕೇಳಿದ್ದು "40 ಮಕ್ಕಳು, 40 ಮಿನಿಟು, ಇರುವುದು ನನ್ನದೊಂದು ಫೋನು, ಯಾವ ಆಪ್ ಹಾಕಲಿ?" ಅಂತ. ಆಪ್ ಯಾವುದೂ ಬೇಡ. ಫೋನಿನ ಕ್ಯಾಮರಾದಲ್ಲಿ ಸ್ಲೋ ಮೋಶನ್ ಇದ್ದರೆ ಮುಕ್ಕಾಲು ಕೆಲಸ ಆಯಿತು. ನಿಮ್ಮ ಇದೇ ಪ್ರಶ್ನೆಗೆ ಇನ್ನೊಬ್ಬ ಮಾಷ್ಟ್ರು ಹೆಜ್ಜೆ ಎಣಿಸುವ ಆಪ್ ಹಾಕಿ ಎಂದಿದ್ದಾರೆ. ಮಕ್ಕಳ ಕೈಗೆ ಫೋನು ಕೊಡುವಂತಿಲ್ಲದ ಕಡೆ ಅದು ಮಾಷ್ಟ್ರ ಹೆಜ್ಜೆಯನ್ನಷ್ಟೇ ಎಣಿಸೀತು.

ಕಾಸರಗೋಡಿನ ಕುಂಬಳೆ ಕಡೆಯ ನಮ್ಮ ಶಾಲೆಯಲ್ಲಿ ನಾನು ಹೆಚ್ಚು ಬಳಸುವುದು ಲಾಂಗ್ ಜಂಪಿಗೆ. ಹೋದ ವರ್ಷ ಎಂಟನೆಯ ಕ್ಲಾಸಿನ ಒಬ್ಬಳು ಹತ್ತು ಸಲ ಹಾರಿದರೆ ಆರು ಫೌಲ್, ಅಂದರೆ ಹಾರುವಾಗ ಮೆಟ್ಟಬೇಕಾದ ಹಲಗೆಯ ಗೆರೆ ದಾಟಿ ಕಾಲಿಟ್ಟದ್ದು. "ಹಲಗೆಗೇ ಮೆಟ್ಟಿದ್ದೇನೆ ಸರ್" ಅಂತ ವಾದ ಬೇರೆ. ಹಲಗೆಯ ಅಗಲ ಬರೀ 20 ಸೆಂಟಿಮೀಟರ್, ಹಾರುವವಳಿಗೆ ತನ್ನ ಕಾಲು ಎಲ್ಲಿ ಬಿತ್ತೆಂದು ಗೊತ್ತಾಗುವುದಾದರೂ ಹೇಗೆ? ಎರಡು ಮುರಕಲ್ಲು ಪೇರಿಸಿ, ಹಲಗೆಯ ನೇರಕ್ಕೆ ಐದಾರು ಮೀಟರ್ ಬದಿಯಲ್ಲಿ ಫೋನು ಅಡ್ಡ ಇಟ್ಟೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ತೆಗೆದದ್ದನ್ನು 30ರಲ್ಲಿ ಓಡಿಸಿದರೆ ಒಂದು ಸೆಕೆಂಡು ಎಂಟಾಗುತ್ತದೆ. ಕೊನೆಯ ಮೂರು ಹೆಜ್ಜೆಯಲ್ಲಿ ತಲೆ ಕೆಳಗೆ ಹಾಕಿ ಹಲಗೆ ಹುಡುಕುತ್ತಿದ್ದಾಳೆ, ಹೆಜ್ಜೆ ಗಿಡ್ಡವಾಗಿ ತಡವರಿಸಿದೆ, ಬೆರಳು ಗೆರೆಯಿಂದ ಒಂದು ಗೇಣು ಆಚೆ. ನಾನು ಬಾಯಿ ಬಿಡುವ ಮೊದಲೇ "ಅಯ್ಯೋ" ಅಂದಳು. ಓಟ ಶುರುಮಾಡುವ ಗುರುತನ್ನು ಅದೇ ಒಂದು ಗೇಣು ಹಿಂದಕ್ಕೆ ಸರಿಸಿದೆವು. ಕಣ್ಣು ಮರಳು ಹೊಂಡದಾಚೆಯ ಗೇರು ಮರದ ಮೇಲಿರಲಿ ಎಂದೆ. ಇದನ್ನೇ ನಾನು ಒಂದು ತಿಂಗಳಿಂದ ಕಿರುಚಿ ಹೇಳುತ್ತಿದ್ದೆ ಅನ್ನುವುದು ಬೇರೆ ವಿಷಯ!

ಸ್ಲೋ ಮೋಶನ್‌ಗೆ ಬೆಳಕು ಬೇಕು. ಮಳೆಗಾಲದ ಆಟಿ ತಿಂಗಳ ಮೋಡದಲ್ಲಿ ಬರೀ ಕಪ್ಪು ಬರುತ್ತದೆ, ಆಗ ಸಾದಾ ವಿಡಿಯೋ ತೆಗೆದು ನಿಲ್ಲಿಸಿ ನಿಲ್ಲಿಸಿ ತೋರಿಸಿ. ಮಳೆಗೆ ಫೋನಿಗೊಂದು ಪ್ಲಾಸ್ಟಿಕ್ ತೊಟ್ಟೆ ಇರಲಿ.

ಕಬಡ್ಡಿಯಲ್ಲಿ ದಾಳಿ ಮಾಡುವವನಿಗೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಯ ಜಗಳಕ್ಕೂ ಇದೇ ಮದ್ದು. ಒಂದು ಕಾಲು ಗೆರೆ ದಾಟಿ ನೆಲ ಮುಟ್ಟುವಾಗ ಇನ್ನೊಂದು ಗಾಳಿಯಲ್ಲಿತ್ತೋ ಇಲ್ಲವೋ ಎಂದು ಮಕ್ಕಳೇ ನೋಡಿ ತೀರ್ಮಾನಿಸುತ್ತಾರೆ.

ಉಪಜಿಲ್ಲಾ ಕ್ರೀಡಾಕೂಟಕ್ಕೆ 100 ಮೀಟರ್ ಟೈಮ್ ತೆಗೆಯುವಾಗ ಒಂದು ಎಚ್ಚರಿಕೆ. ಸೀಟಿ ಕೇಳಿ ಸ್ಟಾಪ್‌ವಾಚ್ ಒತ್ತಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಗುರಿಯ ಹತ್ತಿರ ನಿಂತ ನಿಮಗೆ ತಲುಪುವಾಗ 0.3 ಸೆಕೆಂಡ್ ಆಗಿರುತ್ತದೆ, ವಾಚ್ ಅಷ್ಟು ತಡವಾಗಿ ಶುರುವಾಗಿ ಟೈಮ್ ಅಷ್ಟೇ ಕಡಿಮೆ ಕಾಣುತ್ತದೆ. ನಮ್ಮ ಹುಡುಗ ಇಲ್ಲಿ 12.4, ಕೂಟದಲ್ಲಿ 12.7 ಆಗಿ ಕಣ್ಣೀರು ಹಾಕುವುದು ಹೀಗೂ ಆದೀತು. ಸೀಟಿ ಊದುವವನು ಜೊತೆಗೇ ಕೈಯೆತ್ತಿ ಹಿಡಿದ ಬಾವುಟ ಇಳಿಸಲಿ, ಅದನ್ನು ನೋಡಿ ಒತ್ತಿ. ಟ್ರ್ಯಾಕ್ ಅಳೆಯಲು ಜಿಪಿಎಸ್ ನಂಬಬೇಡಿ, ತೆರೆದ ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ. ಟೇಪೇ ಗತಿ.

40 ಮಕ್ಕಳನ್ನೂ ಒಟ್ಟಿಗೆ ಓಡಿಸಬೇಕಾದರೆ ಬೀಪ್ ಓಟ: 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಬೀಪ್ ಶಬ್ದಕ್ಕೆ ಸರಿಯಾಗಿ ಅತ್ತಿತ್ತ ಓಡುವುದು. ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರು, ಮಿನಿಟಿಗೊಮ್ಮೆ ಅರ್ಧ ಕಿ.ಮೀ. ಏರುತ್ತದೆ, ಬೀಪಿನೊಳಗೆ ಗೆರೆ ಮುಟ್ಟದವರು ಹೊರಗೆ. ಆಡಿಯೋ ಮೊದಲೇ ಇಳಿಸಿಟ್ಟುಕೊಳ್ಳಿ, ನಮ್ಮ ಗ್ರೌಂಡುಗಳಲ್ಲಿ ರೇಂಜ್ ಎಂಬುದು ಗೇರು ಮರ ಹತ್ತಿದವರಿಗೆ ಮಾತ್ರ. ಒಂದು ಬ್ಲೂಟೂತ್ ಸ್ಪೀಕರ್ ಬೇಕಾಗುತ್ತದೆ. ನಡು ಮಧ್ಯಾಹ್ನ ಬೇಡ.

ನಾನು ಮಾಡಿದ ಎರಡು ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಪ್ರತಿಯೊಬ್ಬನ ವಿಡಿಯೋ ತೋರಿಸಲು ಹೋಗಿ ಅರ್ಧ ಪೀರಿಯಡ್ ಮಕ್ಕಳು ಬಗ್ಗಿ ಫೋನೇ ನೋಡಿದರು. ಈಗ ದಿನಕ್ಕೆ ಮೂರೋ ನಾಲ್ಕೋ ಜನ, ತಲಾ ಒಂದು ಮಿನಿಟು, ಉಳಿದವರ ಆಟ ನಿಲ್ಲುವುದಿಲ್ಲ. ಎರಡನೆಯದು, ಒಬ್ಬ ಬಿದ್ದ ವಿಡಿಯೋವನ್ನು ತಮಾಷೆಗೆ ಕ್ಲಾಸ್ ಗ್ರೂಪಿಗೆ ಹಾಕಿದೆ. ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಅವನ ಅಮ್ಮನಿಗೆ ಏನು ಹೇಳುವುದೆಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹೆಡ್‌ಮಾಷ್ಟ್ರಿಗೂ ಮನೆಯವರಿಗೂ ಹೇಳಿಯೇ ತೆಗೆಯುತ್ತೇನೆ, ಆ ಮಗುವಿಗಷ್ಟೇ ತೋರಿಸಿ ಬೆಲ್ ಹೊಡೆಯುವ ಮೊದಲು ಅಳಿಸುತ್ತೇನೆ.

ನಿಮ್ಮ ಫೋನ್ ಯಾವುದು ಹೇಳಿ, ಸ್ಲೋ ಮೋಶನ್ ಎಲ್ಲಿ ಅಡಗಿದೆ ನೋಡೋಣ.