ಹಡಗು ಸುಡೋ ಎಣ್ಣೆ ಲೆಕ್ಕ ಯಾರು ಕೇಳ್ತಾರೆ?

ಸಕಲೇಶಪುರ ಕಡೆಯ ಬೆಳೆಗಾರರೊಬ್ರು ಬರೆದಿದಾರೆ: "ಕಾಫಿ ಯೂರೋಪಿಗೆ ಹೋಗುತ್ತೆ ಅಂತ ಗೊಬ್ಬರ ಎಷ್ಟು, ಪಂಪ್‌ಸೆಟ್ ಡೀಸೆಲ್ ಎಷ್ಟು ಅಂತೆಲ್ಲ ಫಾರಂ ತುಂಬಿಸ್ಕೊಂಡ್ರು. ಅದನ್ನ ಹೊತ್ಕೊಂಡು ಹೋಗೋ ಹಡಗಿನ ಹೊಗೆ ಯಾರೂ ಕೇಳಲ್ವಾ? ಹಸಿರು ಇಂಧನ ಅಂತಾರಲ್ಲ, ಅದು ನಿಜಾನಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ ಸರ್. ಪ್ರಪಂಚದ ಒಟ್ಟು ಗ್ರೀನ್‌ಹೌಸ್ ಗ್ಯಾಸ್‌ನಲ್ಲಿ ಹಡಗುಗಳ ಪಾಲು ಹತ್ರಹತ್ರ 3%. ದೊಡ್ಡ ಹಡಗುಗಳು ಹೆಚ್ಚಾಗಿ ಸುಡೋದು ರಿಫೈನರೀಲಿ ಪೆಟ್ರೋಲ್ ಡೀಸೆಲ್ ಎಲ್ಲಾ ತೆಗೆದ್ಮೇಲೆ ತಳದಲ್ಲಿ ಉಳಿಯೋ ಎಣ್ಣೇನ, ಜೋನಿಬೆಲ್ಲದ ಥರ ಮಂದ ಇರುತ್ತೆ, ಚೆನ್ನಾಗಿ ಕಾಯಿಸ್ದೆ ಇಂಜಿನ್‌ಗೆ ಬಿಡೋಕೇ ಆಗಲ್ಲ. 2020ರಲ್ಲಿ ಅದರ ಗಂಧಕದ ಮಿತಿ 3.5%ನಿಂದ 0.5%ಗೆ ಇಳಿಸಿದ್ರು, ಕಾರ್ಬನ್ ಮಾತ್ರ ಹಾಗೇ ಉಳೀತು.

ಯಾರೂ ಕೇಳಲ್ಲ ಅನ್ನೋದು ಈಗ ಪೂರ್ತಿ ನಿಜ ಅಲ್ಲ. 2024ರಿಂದ ಯೂರೋಪಿನ ಬಂದರಿಗೆ ಹೋಗೋ ದೊಡ್ಡ ಹಡಗುಗಳು ಕಾರ್ಬನ್‌ಗೆ ದುಡ್ಡು ಕಟ್ಟಬೇಕು, ಹೊರಗಿಂದ ಬರೋ ಟ್ರಿಪ್ಪಾದ್ರೆ ಅರ್ಧದಷ್ಟು ಹೊಗೆ ಲೆಕ್ಕಕ್ಕೆ. ಶಿಪ್ಪಿಂಗ್ ಕಂಪನಿಗಳು ಅದನ್ನ ಬಾಡಿಗೆ ಮೇಲೆ ಸರ್ಚಾರ್ಜ್ ಅಂತ ಹಾಕ್ತಾ ಇದಾವೆ. ಹಡಗಿನ ಹೊಗೆಗೆ ಇಡೀ ಪ್ರಪಂಚಕ್ಕೆ ಒಂದೇ ರೂಲ್ ತರೋ ಪ್ಲಾನ್‌ಗೆ 2025ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಹಡಗು ಸಂಸ್ಥೇಲಿ (ಐಎಂಒ) ಒಪ್ಪಿಗೆ ಸಿಕ್ಕಿತ್ತು, ಅಕ್ಟೋಬರ್‌ನಲ್ಲಿ ಅದರ ಲಂಡನ್ ಸಭೇಲಿ ಅಮೆರಿಕ ಜೋರಾಗಿ ವಿರೋಧಿಸ್ತು, ಒಂದು ವರ್ಷ ಮುಂದಕ್ಕೆ ಹಾಕಿದ್ರು. ನಂಗೆ ಇದು ತುಂಬಾ ಬೇಜಾರಿನ ವಿಷ್ಯ, ಯಾಕಂದ್ರೆ ಇವತ್ತು ನೀರಿಗಿಳಿಯೋ ಹಡಗು ಇನ್ನು ಇಪ್ಪತ್ತೈದು ವರ್ಷ ಓಡುತ್ತೆ, ಹಳೇ ಇಂಜಿನ್ ಹಾಕಿದ್ರೆ ಅಷ್ಟೂ ವರ್ಷ ಅದೇ ಹೊಗೆ.

ಇನ್ನು ಹಸಿರು ಇಂಧನ. 2023ರಲ್ಲಿ ಲಾರಾ ಮೇರ್ಸ್ಕ್ ಅನ್ನೋ ಕಂಟೇನರ್ ಹಡಗು ಕೊರಿಯಾದ ಉಲ್ಸಾನ್‌ನಿಂದ ಡೆನ್ಮಾರ್ಕಿನ ಕೋಪನ್‌ಹೇಗನ್‌ವರೆಗೂ ಗ್ರೀನ್ ಮೆಥನಾಲ್ (ಒಂದು ಥರದ ಆಲ್ಕೋಹಾಲ್ ಇಂಧನ) ಹಾಕ್ಕೊಂಡು ಬಂತು, ಅಂದ್ರೆ ಆಗುತ್ತೆ ಅನ್ನೋದು ಗ್ಯಾರಂಟಿ. ಆದ್ರೆ ಮೆಥನಾಲ್ ಅಂದ ತಕ್ಷಣ ಹಸಿರು ಅಂತ ನಂಬಬೇಡಿ. ಕಸದ ಬಯೋಗ್ಯಾಸ್‌ನಿಂದ ಮಾಡಿದ್ರೆ ಹಸಿರು, ಕಲ್ಲಿದ್ದಲಿಂದ ಮಾಡಿದ್ರೆ ಈಗಿನ ಎಣ್ಣೆಗಿಂತ ಕೆಟ್ಟದ್ದು, ಟ್ಯಾಂಕಲ್ಲಿ ನೋಡಿದ್ರೆ ಎರಡೂ ಒಂದೇ. ಹಡಗಿಗೆ ಇಂಧನ ಅಂತ ಹೇಳ್ತಿರೋ ಅಮೋನಿಯಾನೂ ಅಷ್ಟೇ. ನೀವು ತೋಟಕ್ಕೆ ಹಾಕೋ ಯೂರಿಯಾ ತಯಾರಾಗೋದೇ ಅದರಿಂದ. ಅದರಲ್ಲಿ ಕಾರ್ಬನ್ ಇಲ್ಲ, ಆದ್ರೆ ಈಗ ಅದನ್ನ ಮಾಡೋದು ಬಹುಪಾಲು ನ್ಯಾಚುರಲ್ ಗ್ಯಾಸ್, ಕಲ್ಲಿದ್ದಲಿಂದ, ಮೇಲಾಗಿ ಲೀಕ್ ಆದ್ರೆ ಹಡಗಿನ ಜನರ ಜೀವಕ್ಕೇ ಅಪಾಯ. ಎಲ್‌ಎನ್‌ಜಿ (ತುಂಬಾ ತಣ್ಣಗೆ ಮಾಡಿ ದ್ರವ ಮಾಡಿದ ನ್ಯಾಚುರಲ್ ಗ್ಯಾಸ್, ಬಹುಪಾಲು ಮೀಥೇನ್) ಬಗ್ಗೆ ನಂಗೆ ಭರವಸೆ ಕಮ್ಮಿ: ಇಂಜಿನ್‌ನಲ್ಲಿ ಸುಡದೇ ತಪ್ಪಿಸ್ಕೊಳ್ಳೋ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಏರಿಸುತ್ತೆ.

ಹಾಗಾಗಿ ನೀವು ಫಾರಂ ತುಂಬಿ ಕೊಡಿ, ಜೊತೆಗೆ ನಿಮ್ಮ ಎಕ್ಸ್‌ಪೋರ್ಟರ್ ಹತ್ರ ಎರಡು ವಿಷ್ಯ ಬರವಣಿಗೇಲಿ ಕೇಳಿ: ಮಂಗಳೂರಿಂದ ಹೋದ ಕಂಟೇನರ್ ಯಾವ ಇಂಧನದ ಹಡಗಲ್ಲಿ ಹೋಯ್ತು, ಆ ಇಂಧನ ಯಾವುದರಿಂದ ತಯಾರಾದದ್ದು. ಉತ್ತರ ಬಂದ್ರೆ ನಮಗೆ ಕಳಿಸಿ, ಪ್ರಿಂಟ್ ಮಾಡ್ತೀವಿ.