ಬಿಡಿವಿ ಪಾಸಾದ ಮಾತ್ರಕ್ಕೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಚೆನ್ನಾಗಿದೆ ಅಂತಲ್ಲ

ಭೋಸರಿಯ ನಿಮ್ಮ ಕಾರ್ಖಾನೆಯ 11 ಕೆವಿ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಅಳತೆ) 52 ಕೆವಿ, ಆಸಿಡಿಟಿ 0.34, ಮೇಲ್ಮೈ ಎಳೆತ (ಎಣ್ಣೆ-ನೀರು ಸೇರುವಲ್ಲಿ, ಮಿಲಿನ್ಯೂಟನ್/ಮೀಟರ್) 17 ಬಂದಿದೆ, ಫಿಲ್ಟರ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಬಿಡಿವಿ ಹೇಳುವುದು ಮುಖ್ಯವಾಗಿ ನೀರು, ಕಸದ ಕತೆ. ಫಿಲ್ಟರ್ ತೆಗೆಯುವುದೂ ಅವನ್ನೇ. ಆಮ್ಲ ಎಣ್ಣೆಯಲ್ಲಿ ಕರಗಿರುತ್ತದೆ, ಫಿಲ್ಟರಿಗೆ ಸಿಗುವುದಿಲ್ಲ. ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಕೆಒಎಚ್ (ಒಂದು ಕ್ಷಾರ) ಗ್ರಾಂ ಎಣ್ಣೆಗೆ 0.3 ಮಿಲಿಗ್ರಾಂ ದಾಟಿದರೆ ಈ ವೋಲ್ಟೇಜಿಗೆ ಎಣ್ಣೆ ಕೆಟ್ಟಿದೆ ಎಂದೇ ಲೆಕ್ಕ. ಹೊಸ ಎಣ್ಣೆಯ ಮೇಲ್ಮೈ ಎಳೆತ 40ರ ಆಸುಪಾಸು. 17 ಅಂದರೆ ಸ್ಲಡ್ಜ್ (ಎಣ್ಣೆ ಹಾಳಾಗಿ ಆಗುವ ಜಿಗುಟು ಕೆಸರು) ಆಗಲೇ ಕೂರುತ್ತಿರಬಹುದು. ಅದು ವೈಂಡಿಂಗ್ (ಒಳಗಿನ ತಂತಿ ಸುರುಳಿ) ಮೇಲೆ ಕೂತರೆ ಶಾಖ ಹೊರಹೋಗುವುದಿಲ್ಲ, ಎಣ್ಣೆ ಇನ್ನೂ ಬೇಗ ಹಾಳಾಗುತ್ತದೆ. ಫುಲ್ಲರ್ಸ್ ಅರ್ಥ್ (ಆಮ್ಲ ಹೀರುವ ಒಂದು ಜೇಡಿಮಣ್ಣು) ಮೂಲಕ ಹಾಯಿಸಿ ರೀಕ್ಲೇಮ್, ಅಂದರೆ ಮತ್ತೆ ಬಳಸುವಂತೆ ಶುದ್ಧ, ಮಾಡಿಸಿ. ಟ್ರಾನ್ಸ್‌ಫಾರ್ಮರ್ ಸಣ್ಣದಾದರೆ ಎಣ್ಣೆ ಬದಲಾಯಿಸುವುದೇ ಸುಲಭ. ನಮ್ಮ ಪುಣೆಯ ಕಾಂಟ್ರಾಕ್ಟರುಗಳು ಎಲ್ಲದಕ್ಕೂ 'ಫಿಲ್ಟರ್ ಕರೂನ್ ದೇತೋ' (ಫಿಲ್ಟರ್ ಮಾಡಿಕೊಡ್ತೀನಿ) ಅಂತಾರೆ, ಗೊತ್ತಲ್ವಾ!

ಆದರೆ ಎಣ್ಣೆ ಮುಟ್ಟುವ ಮೊದಲೇ ಫ್ಯೂರಾನ್ (ಒಳಗಿನ ಕಾಗದದ ಸವೆತ ತಿಳಿಸುವ) ಮತ್ತು ಡಿಜಿಎ (ಎಣ್ಣೆಯಲ್ಲಿ ಕರಗಿದ ಅನಿಲಗಳ) ಪರೀಕ್ಷೆ ಮಾಡಿಸಿ. ಆಮೇಲೆ ಮಾಡಿಸಿದರೆ ಹಳೆಯ ಗುರುತು ಅಳಿಸಿಹೋಗಿರುತ್ತದೆ. ವೈಂಡಿಂಗಿಗೆ ಸುತ್ತಿದ ಕಾಗದ ಸವೆದಾಗ ಎಣ್ಣೆಗೆ 2-ಫರ್ಫ್ಯೂರಲ್ ಎಂಬ ಫ್ಯೂರಾನ್ ಸೇರುತ್ತದೆ. ಹೊಸ ಕಾಗದದ ಡಿಪಿ (ನಾರಿನ ಅಣುಸರಪಳಿ ಎಷ್ಟು ಉದ್ದ ಎಂಬ ಅಳತೆ) ಸುಮಾರು 1000, ಅದು 200ಕ್ಕೆ ಇಳಿದರೆ ಆಯಸ್ಸು ಮುಗಿದಂತೆ. ಎಣ್ಣೆ ಹೊಸದು ಹಾಕಬಹುದು, ಕಾಗದವನ್ನು ಮತ್ತೆ ಗಟ್ಟಿ ಮಾಡಲು ಆಗುವುದಿಲ್ಲ. ಡಿಜಿಎಯಲ್ಲಿ ಅಸಿಟಿಲೀನ್ ಕಂಡರೆ ಒಳಗೆ ಕಿಡಿ ಹಾರುತ್ತಿರುವ ಅನುಮಾನ, ಅದನ್ನು ತಡಮಾಡದೆ ನೋಡಿ.

ಮಳೆ ಬರುವಾಗ ಸ್ಯಾಂಪಲ್ ತೆಗೆಯಬೇಡಿ. ವಾಲ್ವಿನಿಂದ ಮೊದಲು ಬರುವ ಎಣ್ಣೆ ಚೆಲ್ಲಿ. ಡಿಜಿಎಗೆ ಗಾಜಿನ ಸಿರಿಂಜ್ ಒಳ್ಳೆಯದು, ಗುಳ್ಳೆ ಇರಬಾರದು. ಹಾಗೆಯೇ ಟ್ರಾನ್ಸ್‌ಫಾರ್ಮರಿಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾಗಿದೆಯಾ ನೋಡಿ, ಫ್ಯೂರಾನ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ.