ಎರಡು ವರ್ಷ ನಿಂತ ಪೋರ್ಷೆ 944 ಸ್ಟಾರ್ಟ್ ಆಗುತ್ತಿಲ್ಲ, ಎಲ್ಲಿಂದ ನೋಡಲಿ?

ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ ಅಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಡಿಎಂಇ ರಿಲೇ ಅನ್ನೋ ವಿದ್ಯುತ್ ಸ್ವಿಚ್ ಮೇಲೆ. ಇಂಜೆಕ್ಷನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಹೋಗುವುದು ಇದರ ಮೂಲಕವೇ. ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಗಾಡಿ ಅಲ್ಲಾಡುವುದಿಲ್ಲ. ಹೊಸ ರಿಲೇ ಹಾಕಿ ನೋಡಿ.

ಆಗಲೂ ಇಲ್ಲ ಅಂದ್ರೆ, ಕ್ರ್ಯಾಂಕ್ ಮಾಡುವಾಗ, ಅಂದ್ರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸುವಾಗ, ಟ್ಯಾಕೋಮೀಟರ್ (ಎಂಜಿನ್ ವೇಗ ತೋರಿಸುವ ಮೀಟರ್) ಮುಳ್ಳು ಗಮನಿಸಿ. ಸ್ವಲ್ಪವಾದರೂ ಕುಣಿಯಬೇಕು. ಸತ್ತಂತೆ ಬಿದ್ದಿದ್ದರೆ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಹತ್ತಿರ ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್ ನೋಡಿಸಿ. ಪೆಟ್ರೋಲಿಗೆ ವಾರ್ನಿಷ್ ವಾಸನೆ ಬಂದಿದ್ದರೆ ಟ್ಯಾಂಕ್ ಖಾಲಿ ಮಾಡಿ.

ಆದರೆ ಸುಮ್ನೆ ಜಾಸ್ತಿ ಕ್ರ್ಯಾಂಕ್ ಮಾಡಬೇಡಿ, ದಯವಿಟ್ಟು. ವಾಲ್ವ್‌ಗಳನ್ನು ಪಿಸ್ಟನ್ ಲಯಕ್ಕೆ ಸರಿಯಾಗಿ ನಡೆಸುವ ಟೈಮಿಂಗ್ ಬೆಲ್ಟ್ ಹಾಕಿ ಎಷ್ಟು ವರ್ಷ ಆಯ್ತು? ನಾಲ್ಕು ದಾಟಿದ್ದರೆ ಮೊದಲು ಅದನ್ನೇ ಬದಲಾಯಿಸಿ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.